ನೆಟ್ಟಗಿದ್ದ ಗೂಟಗಳು

ಸೆಪ್ಟೆಂಬರ್ 1

ಚಿಕ್ಕಪ್ಪ,

ಮೊದಲು ಸುದ್ದಿ, ಆಮೇಲೆ ಕುಶಲ. ಗುರುವಾರದ ವಿಜ್ಞಾನ ಉಪನ್ಯಾಸ ಈ ಸಲ ನನಗೆ ಸಿಕ್ಕಿದೆ. ಅಕ್ಟೋಬರ್ 16, ಸಂಜೆ ಆರಕ್ಕೆ, ವಿಶ್ವವಿದ್ಯಾಲಯದ ಹಳೇ ಸಭಾಂಗಣದಲ್ಲಿ. ನಾನು ಸ್ಕೂಲಿಗೆ ಹೋಗುತ್ತಿದ್ದಾಗ ಒಂದು ಸಲ ಕರೆದುಕೊಂಡು ಹೋಗಿ ಹಿಂದಿನ ಸಾಲಲ್ಲಿ ಕೂರಿಸಿ, ಮಾತು ಮುಗಿಯೋ ತನಕ ನೀವು ಚಾವಣಿಯ ಗಾರೆಯನ್ನೇ ನೋಡುತ್ತ ಕೂತಿದ್ದಿರಲ್ಲ, ಅದೇ ಜಾಗ. ಆರುನೂರು ಕುರ್ಚಿ. ಟಿಕೆಟ್ ಇಲ್ಲ, ಯಾರು ಬೇಕಾದರೂ ಬರಬಹುದು. ಮಕ್ಕಳು ಬರುತ್ತಾರೆ, ರಿಟೈರ್ ಆದವರು ಬರುತ್ತಾರೆ, ಬಸ್ಸಿಗೆ ಇನ್ನೂ ಹೊತ್ತಿದೆ ಅಂತ ಬಂದು ಕೂರುವವರೂ ಇದ್ದಾರೆ. ಮುಂದಿನ ಸಾಲಿನಲ್ಲಿ ಒಬ್ಬ ತಾತ ಇಡೀ ಉಪನ್ಯಾಸ ನಿದ್ದೆ ಹೊಡೆದು, ಕೊನೆಗೆ ಎದ್ದು ಎಲ್ಲರಿಗಿಂತ ಕಷ್ಟದ ಪ್ರಶ್ನೆ ಕೇಳುತ್ತಾರೆ. ಅವರನ್ನು ಕಂಡರೆ ಪ್ರೊಫೆಸರುಗಳಿಗೇ ನಡುಕ.

ವಿಷಯ ನಮ್ಮ ಗುಡ್ಡವೇ. ಮೂರು ವರ್ಷದ ಹಿಂದೆ ಅದರ ಒಂದು ಮಗ್ಗುಲು ಕುಸಿದಾಗ ಕೆಳಗಿನ ಬೀದಿಯ ನಲವತ್ತು ಮನೆ ಖಾಲಿ ಮಾಡಿಸಿದರಲ್ಲ, ಆ ಜನ ಹೆಚ್ಚಿನವರು ಈಗ ಈ ನಗರದಲ್ಲೇ ಬಾಡಿಗೆ ಕೋಣೆಗಳಲ್ಲಿದ್ದಾರೆ. ಅವರೆಲ್ಲ ಬರುತ್ತಾರಂತೆ. ಪುರಸಭೆಯವರೂ ಬರುತ್ತಾರೆ. ಗುಡ್ಡ ನಿಂತಿದೆ ಅಂತ ನಾನು ಹೇಳಿದರೆ, ಬೀದಿಗೆ ಹಾಕಿರೋ ಬೇಲಿ ತೆಗೆದು ಅವರನ್ನು ಮನೆಗೆ ಬಿಡುತ್ತಾರೆ. ಅಷ್ಟು ದೊಡ್ಡ ಮಾತು ಹೇಳೋಕೆ ನನಗಿರುವ ಆಧಾರ ನೀವೇ. ಗುಡ್ಡದ ಮೇಲೆ ನೆಟ್ಟ ಇಪ್ಪತ್ತನಾಲ್ಕು ಗೂಟ, ಮೂರು ವರ್ಷ, ದಿನಾ ಬೆಳಿಗ್ಗೆ ನೀವು ಅಳೆದು ಅಲ್ಲಿಂದ ವೈರ್‌ಲೆಸ್ಸಿನಲ್ಲಿ ಆಫೀಸಿಗೆ ಓದಿ ಹೇಳುವ ಸೊನ್ನೆಗಳು.

ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು. ಇಲ್ಲಿ ಒಂದು ನಿಯಮ ಇದೆ. ಉಪನ್ಯಾಸ ಕೊಡುವವರು ತಮ್ಮ ಮಾತನ್ನು ಪೂರ್ತಿ ಬರೆದು, ಈ ವಿದ್ಯೆ ಓದದ ಒಬ್ಬರಿಗೆ ಮೊದಲು ಕೊಡಬೇಕು. ಅವರು ಓದಿ, 'ನನಗೆ ಅರ್ಥವಾಯಿತು' ಅನ್ನೋ ಚೀಟಿಗೆ ಸಹಿ ಹಾಕಿದರೇನೇ ಸಂಚಾಲಕಿ ಮೇಡಂ ಪೋಸ್ಟರ್ ಅಚ್ಚಿಗೆ ಕಳಿಸೋದು. ನಾನು ನಿಮ್ಮ ಹೆಸರು ಕೊಟ್ಟೆ. ಅಳತೆ ತೆಗೆಯೋರೇ ಹೇಗೆ ಹೊರಗಿನವರಾಗುತ್ತಾರೆ ಅಂತ ಮೇಡಂ ಕೇಳಿದರು. ಅವರು ಮೂವತ್ತು ವರ್ಷ ಗಾರೆ ಕೆಲಸ ಮಾಡಿದವರು, ನಾನು ಹೇಳಿದ ಕಡೆ ಸ್ಕೇಲು ಇಟ್ಟು ಓದುತ್ತಾರೆ ಅಷ್ಟೇ, ಉಳಿದದ್ದು ಅವರಿಗೆ ತಿಳಿಯದು ಅಂದೆ. ಒಪ್ಪಿದರು.

ಹನ್ನೊಂದು ಪುಟ ಇದೆ. ಚೀಟಿ ಕೊನೇ ಪುಟಕ್ಕೆ ಪಿನ್ ಮಾಡಿದ್ದೇನೆ. ಚಿಕ್ಕಮ್ಮ ಎರಡು ಜೊತೆ ಉಣ್ಣೆ ಕಾಲುಚೀಲ ಕಳಿಸಿದ್ದಾಳೆ. ಹಾಕಿಕೊಳ್ಳಬೇಕಂತೆ, ಪೆಟ್ಟಿಗೆಯಲ್ಲಿ ಇಡಬಾರದಂತೆ.

ನಿಮ್ಮ ಚೂಟಿ


ಸೆಪ್ಟೆಂಬರ್ 8

ಮಗಳೇ,

ವ್ಯಾನು ಬಂತು, ಅಕ್ಕಿ ಸೀಮೆಎಣ್ಣೆ ಇಳಿಸಿದ್ದಾಯಿತು. ಡ್ರೈವರ್ ಟೀ ಕುಡಿದು ಮುಗಿಸೋದರೊಳಗೆ ಇದನ್ನು ಬರೆದು ಅವನ ಕೈಗೆ ಕೊಡಬೇಕು. ಇನ್ನು ಮುಂದಿನ ಸೋಮವಾರವೇ ಅವನು ಬರೋದು, ನಿನಗೆ ಗೊತ್ತಲ್ಲ.

ನಿನ್ನ ಸುದ್ದಿ ಓದಿ ನನಗೆ ಕಣ್ಣು ತುಂಬಿತು ಅಂತ ಬರೆದರೆ ನೀನು ನಗ್ತೀಯ. ನಗು. ಮೂರನೇ ಕ್ಲಾಸಿನಲ್ಲಿ ಪದ್ಯ ಹೇಳೋಕೆ ನಿಲ್ಲಿಸಿದರೆ ಮೇಷ್ಟರ ಮೇಜಿನ ಕೆಳಗೆ ಹೋಗಿ ಕೂತವಳು ನೀನು. ಈಗ ಆರುನೂರು ಜನರ ಮುಂದೆ ನಿಲ್ತೀಯ. ನಿಮ್ಮಪ್ಪ ಇರಬೇಕಿತ್ತು. ಅವನಿಲ್ಲ, ನಾನಾದರೂ ಇದ್ದೇನಲ್ಲ.

ಮೊದಲ ಪುಟ ನಿಂತ ನಿಲುವಿನಲ್ಲೇ ಡ್ರೈವರ್‌ಗೆ ಗಟ್ಟಿಯಾಗಿ ಓದಿ ಹೇಳಿದೆ. ಅವನಿಗೂ ಅರ್ಥವಾಯಿತು. ಉಳಿದದ್ದನ್ನು ದಿನಕ್ಕೊಂದು ಪುಟದ ಹಾಗೆ ಓದ್ತೇನೆ, ನನ್ನದು ಆಮೆ ಓದು. ಗೂಟಗಳ ಬಗ್ಗೆ ನೀನು ತಲೆ ಕೆಡಿಸಿಕೊಳ್ಳಬೇಡ. ಒಂದೊಂದೂ ಕವಾಯತಿಗೆ ನಿಂತ ಪೊಲೀಸರ ಹಾಗೆ ನೆಟ್ಟಗೆ ನಿಂತಿವೆ. ನಾನಿರೋ ತನಕ ಒಂದು ಗೆರೆ ಆಚೀಚೆ ಆಗೋದಿಲ್ಲ.

ಮಳೆ ಈ ಸಲ ಜಾಸ್ತಿ. ಕಾಲುಚೀಲ ಹಾಕಿಕೊಂಡೇ ಬರೀತಿದ್ದೇನೆ ಅಂತ ಅವಳಿಗೆ ಹೇಳು.

ಚಿಕ್ಕಪ್ಪ


ಸೆಪ್ಟೆಂಬರ್ 12

ಚಿಕ್ಕಪ್ಪ,

ನಿಮ್ಮ ಪತ್ರ ಚಿಕ್ಕಮ್ಮನಿಗೆ ಎರಡು ಸಲ ಓದಿ ಹೇಳಿದೆ. ಕಾಲುಚೀಲದ ಸಾಲನ್ನು ಮಾತ್ರ ಮೂರು ಸಲ.

ಇಲ್ಲಿ ತಾಲೀಮು ಶುರುವಾಗಿದೆ. ಖಾಲಿ ಸಭಾಂಗಣದಲ್ಲಿ ನಿಂತು ಕುರ್ಚಿಗಳಿಗೆ ಗುಡ್ಡದ ಕಥೆ ಹೇಳುತ್ತೇನೆ. ಕಸ ಗುಡಿಸುವ ಹೆಂಗಸು ಹಿಂದಿನ ಸಾಲಿಂದ 'ಕೇಳ್ತಿಲ್ಲ' ಅಂತ ಕೂಗುತ್ತಾಳೆ, ನಾನು ದನಿ ಏರಿಸುತ್ತೇನೆ. ಪರದೆ ಮೇಲೆ ತೋರಿಸೋಕೆ ಮೂವತ್ತು ಚಿತ್ರ ಮಾಡಿದ್ದೇನೆ. ಅದರಲ್ಲಿ ಒಂದು ನಿಮ್ಮದು. ಗೂಟದ ಪಕ್ಕ ಟೋಪಿ ಹಾಕಿಕೊಂಡು, ಫೋಟೋ ತೆಗೆಯೋದು ಬೇಡ ಅಂತ ಮುಖ ಗಂಟು ಹಾಕಿಕೊಂಡು ನಿಂತಿದ್ದೀರಲ್ಲ, ಅದು. ಈ ಸೊನ್ನೆಗಳ ಹಿಂದೆ ಒಬ್ಬ ಮನುಷ್ಯ ಇದ್ದಾನೆ ಅಂತ ಆ ಜನಕ್ಕೆ ಕಾಣಲಿ ಅಂತ ನನ್ನ ಆಸೆ.

ಮೊನ್ನೆ ಕೆಳಗಿನ ಬೀದಿಯ ಒಬ್ಬಾಕೆ ಡಿಪಾರ್ಟ್‌ಮೆಂಟಿಗೇ ಬಂದಿದ್ದಳು. ಅಲ್ಲಿ ಸ್ವಂತ ಬ್ರೆಡ್ ಅಂಗಡಿ ಇಟ್ಟುಕೊಂಡಿದ್ದವಳು. ಈಗ ಇಲ್ಲಿ ಯಾರದೋ ಬೇಕರಿಯಲ್ಲಿ ಹಿಟ್ಟು ನಾದುತ್ತಾಳೆ. ಆ ಬೀದಿಯವರು ಏನೇ ಮಾಡಬೇಕಾದರೂ ಅವಳ ಮುಖ ನೋಡುತ್ತಾರಂತೆ. ಒಂದೇ ಮಾತು ಕೇಳಿದಳು. 'ಒಲೆ ಹಚ್ಚಬಹುದಾ?' ಮುಂದಿನ ತಿಂಗಳ ಉಪನ್ಯಾಸಕ್ಕೆ ಬನ್ನಿ, ಎಲ್ಲಾ ಹೇಳುತ್ತೇನೆ ಅಂದೆ. ಆದರೆ ನನ್ನ ಮುಖದಲ್ಲೇ ಉತ್ತರ ಓದಿಕೊಂಡು ಹೋದಳು ಅಂತ ಕಾಣುತ್ತೆ. ಹೋಗುವಾಗ ನಗುತ್ತಿದ್ದಳು.

ಚೀಟಿ ಇಪ್ಪತ್ತೈದರ ಒಳಗೆ ಬೇಕು. ಮರೆಯಬೇಡಿ.

ಚೂಟಿ


ಸೆಪ್ಟೆಂಬರ್ 22

ಮಗಳೇ,

ಹನ್ನೊಂದೂ ಪುಟ ಓದಿ ಮುಗಿಸಿ, ಮತ್ತೆ ಐದನೇ ಪುಟಕ್ಕೆ ಬಂದಿದ್ದೇನೆ. ಅದನ್ನು ನಾಲ್ಕು ಸಲ ಓದಿದೆ.

ಅದರಲ್ಲಿ ನೀನು ಬರೆದದ್ದು ಹೀಗಿದೆ. 'ಗುಡ್ಡಕ್ಕೆ ಬಾಯಿಲ್ಲ. ಅದು ಗೂಟದ ಮೂಲಕ ಮಾತಾಡುತ್ತದೆ. ಬಂಡೆಯಿಂದ ಬಂಡೆಗೆ ಎಳೆದ ದಾರದಿಂದ ಗೂಟ ಸ್ಕೇಲಿನ ಒಂದೇ ಗೆರೆ, ಒಂದು ಮಿಲಿಮೀಟರ್, ಕೆಳಗೆ ಸರಿದರೂ, ಗುಡ್ಡ ಅಷ್ಟು ನಡೆದಿದೆ ಎಂದು ಅರ್ಥ.' ಇದು ಎಲ್ಲಾ ಗೂಟಕ್ಕೂ ಸೇರಿ ಬರೆದದ್ದೇ? ದನ ಬಂದು ಮೈ ಉಜ್ಜಿದರೂ ಗೂಟ ವಾಲುತ್ತಲ್ಲ. ಮಳೆಗೆ ಬುಡದ ಮಣ್ಣು ಸಡಿಲ ಆದರೂ ವಾಲುತ್ತೆ. ಅದಕ್ಕೂ ಇದಕ್ಕೂ ವ್ಯತ್ಯಾಸ ಹೇಗೆ ತಿಳಿಯೋದು? ಬಿಡಿಸಿ ಬರೆ.

ಆ ಪುಟ ಇಲ್ಲದೇನೇ ನಿನ್ನ ಮಾತು ನಡೆಯೋದಿಲ್ಲವೇ? ಉಳಿದದ್ದೆಲ್ಲ ಚೆನ್ನಾಗಿಯೇ ಇದೆ.

ನನ್ನ ಫೋಟೋ ಹಾಕಬೇಡ. ಇದನ್ನು ಸಂಕೋಚಕ್ಕೆ ಹೇಳುತ್ತಿಲ್ಲ.

ಚೀಟಿ ಆಮೇಲೆ ಕಳಿಸ್ತೇನೆ.

ಚಿಕ್ಕಪ್ಪ


ಸೆಪ್ಟೆಂಬರ್ 26

ಚಿಕ್ಕಪ್ಪ,

ನಿಮ್ಮ ಪತ್ರ ಓದಿ ನನಗೆ ಸ್ವಲ್ಪ ಬೇಜಾರಾಯಿತು, ಮುಚ್ಚಿಡೋದು ಯಾಕೆ. ಐದನೇ ಪುಟವೇ ಇಡೀ ಉಪನ್ಯಾಸದ ಬೆನ್ನುಮೂಳೆ. ಅದನ್ನು ತೆಗೆದರೆ ನಾನು ಅಲ್ಲಿ ನಿಂತು ಹವಾಮಾನ ಹೇಳಬೇಕಾಗುತ್ತೆ. ನಿಮಗೆ ಅಷ್ಟು ನೀರಸ ಅನ್ನಿಸಿತೇ?

ನಿಮ್ಮ ಪ್ರಶ್ನೆಗೆ ಉತ್ತರ. ದನ ಉಜ್ಜಿದರೆ ಒಂದು ಗೂಟ ವಾಲುತ್ತೆ, ಅದೂ ಯಾವ ಕಡೆಗಾದರೂ. ಗುಡ್ಡ ನಡೆದರೆ ಸಾಲಿಗೆ ಸಾಲೇ ಕೆಳಗಡೆಗೆ ಸರಿಯುತ್ತೆ, ದಿನದಿನಕ್ಕೂ ಜಾಸ್ತಿ ಆಗುತ್ತಾ ಹೋಗುತ್ತೆ. ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರೋದು. ದಿನಾ ನೋಡುವವರು ನೀವು.

ಇನ್ನೊಂದು ವಿಷಯ. ಈ ವಾರ ವೈರ್‌ಲೆಸ್ಸಿನಲ್ಲಿ ಏಳು, ಎಂಟು, ಒಂಬತ್ತನೇ ಗೂಟಗಳಿಗೆ ಎರಡು, ನಾಲ್ಕು, ಐದು ಅಂತ ಅಂಕಿ ಹೇಳಿದ್ದೀರಂತೆ. ಆಫೀಸಿನವನು ತಾನೇ ತಪ್ಪು ಕೇಳಿಸಿಕೊಂಡೆ ಅಂದುಕೊಂಡು ನನಗೆ ತೋರಿಸಿದ. ಆ ಮೂರು ಗೂಟದ ಹತ್ತಿರ ಒರತೆ ಇದೆ, ಮಣ್ಣು ಹಸಿಯಾಗಿ ಸಡಿಲ ಆಗಿರಬೇಕು. ಬುಡ ಗಟ್ಟಿ ಮಾಡಿ, ದಾರಕ್ಕೆ ನೆಟ್ಟಗೆ ನಿಲ್ಲಿಸಿ ಇನ್ನೊಮ್ಮೆ ಅಳೆಯಿರಿ. ಕನ್ನಡಕವೂ ಬದಲಾಯಿಸೋ ಕಾಲ ಬಂದಿದೆ ಅಂತ ಚಿಕ್ಕಮ್ಮನ ಅಭಿಪ್ರಾಯ. ಸದ್ಯಕ್ಕೆ ಆ ಅಂಕಿಗಳನ್ನು ಪೆನ್ಸಿಲಿನಲ್ಲಿ ಬರೆಸಿದ್ದೇನೆ.

ಪುರಸಭೆಯವರು ದಿನ ಗೊತ್ತು ಮಾಡಿದ್ದಾರೆ. ಉಪನ್ಯಾಸ ಆದ ಮೂರನೇ ದಿನ, ಅಕ್ಟೋಬರ್ 19ರ ಭಾನುವಾರ, ಬೇಲಿ ತೆಗೆಯುತ್ತಾರೆ.

ಚೀಟಿ ಬರುತ್ತಿದೆ ಅಂತ ಹೇಳಿ ಪೋಸ್ಟರ್ ಅಚ್ಚು ಹಾಕಿಸಿದೆ. ನನ್ನ ಮಾತು ಉಳಿಸಿ.

ಚೂಟಿ


ಅಕ್ಟೋಬರ್ 3

ಚಿಕ್ಕಪ್ಪ,

ಸೋಮವಾರದ ವ್ಯಾನಿನಲ್ಲಿ ನಿಮ್ಮ ಪತ್ರ ಇರಲಿಲ್ಲ. ಮೈ ಹುಷಾರಿಲ್ಲವೇನೋ ಅಂತ ಚಿಕ್ಕಮ್ಮ ಒಂದೇ ಸಮ ಗೊಣಗುತ್ತಿದ್ದಾಳೆ. ಬೆಳಿಗ್ಗೆ ನಿಮ್ಮ ದನಿ ಕೇಳುತ್ತಿದೆ, ಚೆನ್ನಾಗಿಯೇ ಇದ್ದಾರೆ ಅಂತ ಆಫೀಸಿನವನು ಹೇಳಿದ ಮೇಲೆ ಸಮಾಧಾನ ಆಯಿತು. ಚೆನ್ನಾಗಿದ್ದೂ ಬರೆಯೋದಿಲ್ಲ ಅಂದರೆ ನಾನು ಏನಂತ ತಿಳಿಯಲಿ?

ಬುಡ ಗಟ್ಟಿ ಮಾಡಿ ಅಂತ ಬರೆದಿದ್ದೆ. ಆದರೂ ಆ ಮೂರು ಗೂಟದ್ದು ಈಗ ಎಂಟು, ಒಂಬತ್ತು ಅಂತ ಬರುತ್ತಿದೆ. ಉಳಿದ ಇಪ್ಪತ್ತೊಂದು ಸೊನ್ನೆ. ಹಾಗಾಗಿ ಇದು ಒರತೆಯದೇ ಕೆಲಸ ಅಂತ ನಾನು ತೀರ್ಮಾನ ಮಾಡಿದ್ದೇನೆ. ನಮ್ಮ ಡಿಪಾರ್ಟ್‌ಮೆಂಟಿನ ದೊಡ್ಡ ಪ್ರೊಫೆಸರಿಗೆ ಹೇಳಿಲ್ಲ. ಇಂಥ ಹೊತ್ತಲ್ಲಿ ಅವರ ತಲೆಗೆ ಹುಳ ಬಿಡೋದು ಯಾಕೆ ಅಂತ ಸುಮ್ಮನಾದೆ.

ಮೇಡಂ ನಿನ್ನೆ ಬಾಗಿಲಲ್ಲೇ ನಿಂತು ಚೀಟಿ ಕೇಳಿದರು. ನನ್ನ ಹತ್ತಿರ ಖಾಲಿ ಚೀಟಿ ಇನ್ನೊಂದಿತ್ತು. ನಿಮ್ಮ ಸಹಿ ನಾನೇ ಹಾಕಿ ಕೊಟ್ಟೆ. ಚಿಕ್ಕಂದಿನಲ್ಲಿ ಮಾರ್ಕ್ಸ್ ಕಾರ್ಡಿಗೆ ಹಾಕುತ್ತಿದ್ದೆನಲ್ಲ, ಕೈ ಮರೆತಿರಲಿಲ್ಲ. ಇದು ದೊಡ್ಡ ವಿಷಯ ಅಲ್ಲ. ನಿಮಗೆ ಅರ್ಥ ಆಗಿರುತ್ತೆ ಅಂತ ಗೊತ್ತಿದ್ದೇ ಹಾಕಿದ್ದು.

ನನ್ನ ಮೇಲೆ ಸಿಟ್ಟೇ? ಹೊರಗಿನವರು, ತಿಳಿಯದವರು ಅಂತ ಬರೆದದ್ದು ಮನಸ್ಸಿಗೆ ತಾಗಿತೇ? ಹಾಗಿದ್ದರೆ ಬೈದು ಬರೆಯಿರಿ. ಈ ಮೌನ ಮಾತ್ರ ಬೇಡ.

ಚೂಟಿ


ಅಕ್ಟೋಬರ್ 13

ಮಗಳೇ,

ಹಿಂದಿನ ಎರಡು ಸೋಮವಾರವೂ ಕಾಗದ ಬರೆದೆ. ಎರಡೂ ಸಲ ವ್ಯಾನಿನ ಹಾರನ್ ಕೇಳಿದ ಕೂಡಲೇ ಹರಿದು ಒಲೆಗೆ ಹಾಕಿದೆ. ಇದನ್ನು ಹರಿಯೋದಿಲ್ಲ. ಡ್ರೈವರ್‌ಗೆ ಹೇಳಿದ್ದೇನೆ, ಅಂಚೆಗೆ ಹಾಕಬೇಡ, ನಗರಕ್ಕೆ ಹೋಗೋ ಯಾರದಾದರೂ ಕೈಯಲ್ಲಿ ಗುರುವಾರದೊಳಗೆ ಮುಟ್ಟಿಸು ಅಂತ. ವೈರ್‌ಲೆಸ್ಸಿನಲ್ಲಿ ಹೇಳೋಣ ಅಂತ ಒಂದು ದಿನ ಬಾಯಿ ತೆಗೆದೆ. ಆ ಹುಡುಗ 'ಅಂಕಿ ಹೇಳಿ' ಅಂದ. ಅಂಕಿಯನ್ನೇ ಓದಿ ಮುಗಿಸಿಬಿಟ್ಟೆ.

ಚೀಟಿ ಇದರ ಜೊತೆಗಿದೆ. ನಾನೇ ಸಹಿ ಹಾಕಿದ್ದೇನೆ. ನನಗೆ ಅರ್ಥವಾಯಿತು. ಅದೇ ಈಗ ತೊಂದರೆ.

ಗೂಟಗಳನ್ನು ಮೂರು ವರ್ಷದಿಂದ ನಾನೇ ನೆಟ್ಟಗೆ ಮಾಡ್ತಾ ಬಂದಿದ್ದೇನೆ. ಬೆಳಿಗ್ಗೆ ಎದ್ದು ಈ ಬಂಡೆಯ ಮೊಳೆಯಿಂದ ಆ ಬಂಡೆಯ ಮೊಳೆಗೆ ದಾರ ಎಳೀತೇನೆ. ಯಾವ ಗೂಟ ದಾರ ಬಿಟ್ಟು ಕೆಳಗೆ ಸರಿದಿದೆಯೋ ಅದರ ಬುಡ ಕೆದಕಿ, ತೂಗುಗುಂಡು ಇಳಿಬಿಟ್ಟು ನೋಡಿ, ದಾರಕ್ಕೆ ತಾಗೋ ಹಾಗೆ ನಿಲ್ಲಿಸಿ, ಕಲ್ಲುಚಕ್ಕೆ ಜಡೀತೇನೆ. ಆಮೇಲೆ ಸ್ಕೇಲು ಇಟ್ಟು ಅಳೀತೇನೆ. ಸೊನ್ನೆ ಬರದೆ ಇನ್ನೇನು ಬರುತ್ತೆ?

ಗೂಟ ನೆಟ್ಟ ದಿನ ನೀನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. 'ಎಲ್ಲಾ ದಾರದ ಗೆರೆಗೆ ನೆಟ್ಟಗಿರಬೇಕು ಚಿಕ್ಕಪ್ಪ.' ಅವತ್ತಿನ ಮಟ್ಟಿಗೆ ಹೇಳಿದ್ದು ಅಂತ ನನಗೆ ಹೊಳೆಯಲೇ ಇಲ್ಲ. ಗಾರೆಯವನಿಗೆ ದಾರ ಅಂದರೆ ಅಪ್ಪಣೆ. ಇಟ್ಟಿಗೆ ದಾರ ಬಿಟ್ಟು ಒಂದು ಗೆರೆ ಹೊರಗೆ ಬಂದರೆ ಕರಣೆ ಹಿಡಿಯಲ್ಲಿ ತಟ್ಟಿ ಒಳಗೆ ಕೂರಿಸ್ತೇವೆ, ಬಿಟ್ಟರೆ ಮೇಸ್ತ್ರಿ ಬೆನ್ನ ಮೇಲೆ ಬಾರಿಸ್ತಾನೆ. ಮೂವತ್ತು ವರ್ಷ ಅದನ್ನೇ ಮಾಡಿದ ಕೈ ಇದು. ಗೂಟ ವಾಲಿದ್ದು ಕಂಡರೆ, ಮಗಳ ಕೆಲಸ ನನ್ನ ಕೈಯಲ್ಲಿ ಹಾಳಾಗಬಾರದು ಅಂತ ನಾಷ್ಟಾ ಕೂಡ ಮಾಡದೆ ಓಡುತ್ತಿದ್ದೆ. ಯಾರಿಗೂ ಹೇಳಲಿಲ್ಲ, ಯಾಕೆಂದರೆ ಹೇಳೋಕೆ ಅದರಲ್ಲಿ ಏನಿದೆ? ಕೆಲಸ ಸರಿಯಾಗಿ ಮಾಡ್ತಿದ್ದೇನೆ ಅಂತ ಒಳಗೊಳಗೇ ಜಂಬ ಬೇರೆ.

ನಿನ್ನ ಐದನೇ ಪುಟ ಓದಿದ ಮೇಲೆ ನಾನು ಮಾಡಿದ್ದೇನು ಅಂತ ತಿಳಿಯಿತು. ಆದರೂ ಪರೀಕ್ಷೆ ಮಾಡೋಣ ಅಂತ ಮಧ್ಯದ ಮೂರು ಗೂಟ ಮುಟ್ಟದೆ ಬಿಟ್ಟೆ. ನೀನು ಪೆನ್ಸಿಲಿನಲ್ಲಿ ಬರೆಸಿದ್ದು ಅದೇ. ಇವತ್ತಿಗೆ ಏಳನೆಯದು ಹದಿನಾರು ಗೆರೆ. ಅದು ಒರತೆ ಅಲ್ಲ. ಉಳಿದ ಇಪ್ಪತ್ತೊಂದನ್ನು ನಿನ್ನೆ ಭಾನುವಾರದ ತನಕ ನೆಟ್ಟಗೆ ಮಾಡುತ್ತಲೇ ಇದ್ದೆ. ಇಷ್ಟು ಹೊತ್ತಿಗೆ ಅದು ಕೈಯ ಅಭ್ಯಾಸ ಆಗಿರಲಿಲ್ಲ, ಹೆದರಿಕೆ ಆಗಿತ್ತು. ಎಲ್ಲಾ ಬಿಟ್ಟುಬಿಟ್ಟರೆ ನಿನ್ನ ಉಪನ್ಯಾಸ, ನಿನ್ನ ಕೆಲಸ, ಮಾನ ಎಲ್ಲಾ ಹೋಗುತ್ತೆ ಅಂತ. ನೀನು ನನ್ನ ಸಹಿ ಹಾಕಿದ್ದಕ್ಕೆ ಬೈಯೋ ಯೋಗ್ಯತೆ ನನಗಿಲ್ಲ. ಇಬ್ಬರೂ ಒಂದೇ ಮನೆಯವರು.

ಹಳೇ ಸರಿದಾಟ ನಾನು ಬರೆದಿಟ್ಟಿಲ್ಲ. ನೆನಪಿನ ಮೇಲೆ ಹೇಳೋದಾದರೆ ಮಳೆಗಾಲದಲ್ಲಿ ವಾರಕ್ಕೆ ನಾಲ್ಕೈದು ಗೆರೆ, ಬೇಸಿಗೆಯಲ್ಲಿ ಒಂದೆರಡು. ಮೂರು ವರ್ಷಕ್ಕೆ ಎಷ್ಟಾಯಿತು ಅಂತ ಕೂಡಿಸೋ ಧೈರ್ಯ ನನಗಿಲ್ಲ.

ಹೀಗೆ ಮಾಡು. ಒಬ್ಬ ಗಾರೆ ಮುದುಕ ಬುದ್ಧಿಯಿಲ್ಲದೆ ಎಲ್ಲಾ ಕೆಡಿಸಿದ, ನನಗೆ ಗೊತ್ತಿರಲಿಲ್ಲ ಅಂತ ಹೇಳಿಬಿಡು. ನಾನು ನಿನಗೇನಾಗಬೇಕು ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ. ಆದರೆ ಆ ನಲವತ್ತು ಮನೆಯವರನ್ನು ಮಾತ್ರ ಇಲ್ಲಿಗೆ ಕಳಿಸಬೇಡ. ನಿನ್ನ ಕಾಲಿಗೆ ಬೀಳ್ತೇನೆ, ಕಳಿಸಬೇಡ.

ಚಿಕ್ಕಪ್ಪ


ಅಕ್ಟೋಬರ್ 17

ಚಿಕ್ಕಪ್ಪ,

ನಿಮ್ಮ ಪತ್ರ ನಿನ್ನೆ ಮಧ್ಯಾಹ್ನ ಎರಡು ಗಂಟೆಗೆ ಕೈ ಸೇರಿತು. ಹಣ್ಣಿನ ಲಾರಿಯವನೊಬ್ಬ ತಂದುಕೊಟ್ಟ. ಡಿಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಕೂತು ಓದಿದೆ.

ಮೂರು ವರ್ಷದ್ದನ್ನು ನಾನು ಕೂಡಿಸಿದೆ. ಒಂದು ಮೊಳ ಆಗುತ್ತೆ.

ದೊಡ್ಡ ಪ್ರೊಫೆಸರ್ ಹತ್ತಿರ ಹೋದೆ. ಅವರು ಕೂಗಾಡಲಿಲ್ಲ, ಅದಕ್ಕೇ ಹೆಚ್ಚು ಭಯ ಆಯಿತು. ಗಂಟಲು ಕಟ್ಟಿದೆ ಅನ್ನು, ಉಪನ್ಯಾಸ ಮುಂದಕ್ಕೆ ಹಾಕೋಣ, ಆಮೇಲೆ ನಿಧಾನವಾಗಿ ನೋಡೋಣ ಅಂದರು. ನಿಮಗೆ ಇದುವರೆಗೆ ಬರೆಯದ ಒಂದು ವಿಷಯ ಇದೆ. ಬೇಸಿಗೆಯಲ್ಲೇ ಅವರು ನನ್ನನ್ನು ಕೇಳಿದ್ದರು, ಮೂರು ವರ್ಷ ಬರೀ ಸೊನ್ನೆ, ಬದುಕಿರೋ ಯಾವ ಗುಡ್ಡವಾದರೂ ಹೀಗೆ ಇರುತ್ತದೆಯೇ ಅಂತ. ನನಗೂ ಅನುಮಾನ ಬಂದಿತ್ತು. ನಿಮ್ಮನ್ನು ಕೇಳಿದರೆ ನಿಮ್ಮ ಮೇಲೆ ನಂಬಿಕೆ ಇಲ್ಲ ಅಂದ ಹಾಗಾಗುತ್ತೆ ಅಂತ ಕೇಳಲಿಲ್ಲ. ಅವರು ನನ್ನ ಚಿಕ್ಕಪ್ಪ ಸರ್, ಅವರ ಕೈ ತಪ್ಪೋದಿಲ್ಲ ಅಂದೆ. ಆ ಸೊನ್ನೆಗಳು ನನಗೆ ಬೇಕಾಗಿದ್ದವು. ನಿಜ ಹೇಳಬೇಕಂದರೆ ಅದೇ.

ಉಪನ್ಯಾಸ ಮುಂದೆ ಹಾಕಿದರೂ ಬೇಲಿ ಭಾನುವಾರವೇ ತೆಗೆಯುತ್ತಿದ್ದರು. ನಮ್ಮ ವರದಿ ಆಗಲೇ ಅವರ ಕೈಯಲ್ಲಿದೆ. ಅದಕ್ಕೇ ಆರು ಗಂಟೆಗೆ ವೇದಿಕೆ ಹತ್ತಿದೆ. ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಚಿಕ್ಕಮ್ಮ ಎರಡನೇ ಸಾಲಲ್ಲಿದ್ದಳು. ಮೊದಲ ನಾಲ್ಕು ಪುಟ ಬಿಟ್ಟು ಐದನೆಯದನ್ನೇ ಓದಿದೆ. ಗೂಟ ಯಾಕೆ, ದಾರ ಯಾಕೆ, ಸರಿದರೆ ಏನರ್ಥ, ಎಲ್ಲಾ. ಆಮೇಲೆ, ಈ ಸೊನ್ನೆಗಳು ಗುಡ್ಡದವಲ್ಲ, ನಮ್ಮವು ಅಂದೆ. ಗುಡ್ಡ ನಡೆಯುತ್ತಿದೆ, ಯಾರೂ ಮನೆಗೆ ಹೋಗಬೇಡಿ ಅಂದೆ.

ಎಲ್ಲರೂ ಒಟ್ಟಿಗೆ ಎದ್ದರು. ಬ್ರೆಡ್ ಅಂಗಡಿಯಾಕೆ ಮುಂದೆ ಬಂದು ವೇದಿಕೆಯ ಅಂಚು ಹಿಡಿದುಕೊಂಡು ನಿಂತಳು. ಹೋದ ತಿಂಗಳು ನಗುತ್ತ ಹೋದವಳು. ಭಾನುವಾರಕ್ಕೆ ಸಾಮಾನು ಸಾಗಿಸೋಕೆ ಗಾಡಿ ಹೇಳಿದ್ದೇನೆ, ಇಲ್ಲಿಯ ಕೆಲಸ ಬಿಟ್ಟಿದ್ದೇನೆ ಅಂದಳು. ಅವಳ ಕೊನೇ ಮಾತು ಹಾಗೇ ಬರೆಯುತ್ತೇನೆ.

'ಹೋದ ತಿಂಗಳು ನಿನ್ನ ಮುಖವೇ ನಿಂತಿದೆ ಅಂತಿತ್ತು, ಈಗ ನಡೀತಿದೆ ಅಂತೀಯ. ಯಾವುದು ಸುಳ್ಳು ಅಂತ ನಾನು ಹೇಗೆ ತಿಳೀಲಿ?'

ಆಗ ಮುಂದಿನ ಸಾಲಿನ ತಾತ ಎದ್ದರು. ನಿನ್ನೆ ಅವರು ನಿದ್ದೆ ಮಾಡಿರಲಿಲ್ಲ. ಗೂಟ ನೋಡಿಕೊಳ್ಳುತ್ತಿದ್ದವರಿಗೆ ಗೂಟ ಯಾತಕ್ಕೆ ಅಂತ ಯಾರಾದರೂ ಹೇಳಿದ್ದರೇ ಅಂತ ಕೇಳಿದರು. ಇಲ್ಲ ಅಂದೆ. ಹೇಳಬೇಕಾದವರು ಯಾರು ಅಂದರು. ನಾನು ಅಂದೆ. ಅವರು ನನ್ನ ಚಿಕ್ಕಪ್ಪ, ನನ್ನನ್ನು ಸಾಕಿದವರು, ಈ ಊರಿಗೆಲ್ಲ ಬಿಡಿಸಿ ಹೇಳೋಕೆ ಐದು ವಾರ ತಾಲೀಮು ಮಾಡಿದೆ, ಅವರಿಗೆ ಅರ್ಧ ಗಂಟೆ ಹೇಳಲಿಲ್ಲ ಅಂದೆ. ನೀವು ಹೇಳಿದ ಹಾಗೆ ನಿಮ್ಮನ್ನು ಯಾರೋ ಗಾರೆ ಮುದುಕ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ನಿಮ್ಮ ಅಪ್ಪಣೆ ಮೀರಿದ್ದಕ್ಕೆ ಹೊಟ್ಟೆಗೆ ಹಾಕಿಕೊಳ್ಳಿ.

ಪುರಸಭೆಯವರು ಬೇಲಿ ತೆಗೆಯೋದನ್ನು ತಿಂಗಳ ಕೊನೆಗೆ ತಳ್ಳಿದ್ದಾರೆ, ನಿಲ್ಲಿಸಿಲ್ಲ. ಬೀದಿಯವರು ಬೇಲಿ ಮುರಿದಾದರೂ ಹೋಗುತ್ತೇವೆ ಅನ್ನುತ್ತಿದ್ದಾರೆ. ನನ್ನ ಮಾತಿಗೆ ಈಗ ಕವಡೆ ಕಿಮ್ಮತ್ತಿಲ್ಲ. ಸಹಿಯ ವಿಷಯ ಮೇಡಂಗೆ ನಾನೇ ಹೇಳಿದೆ. ಇನ್ನು ಆ ವೇದಿಕೆ ನನಗಿಲ್ಲ. ನಿಮ್ಮ ಜಾಗಕ್ಕೆ ಬೇರೆಯವರನ್ನು ಕಳಿಸಬೇಕು ಅಂತ ಕಮಿಟಿ ಮಾತಾಡುತ್ತಿದೆ. ಅವರು ಬರೋ ತನಕ ಎಲ್ಲಾ ಇಪ್ಪತ್ತನಾಲ್ಕನ್ನೂ ಮುಟ್ಟದೆ ಅಳೆಯಿರಿ ಚಿಕ್ಕಪ್ಪ. ಈ ಸಲ ಯಾಕೆ ಅಂತ ನಿಮಗೆ ಗೊತ್ತು.

ಚೂಟಿ


ಅಕ್ಟೋಬರ್ 27

ಮಗಳೇ,

ಇವತ್ತಿನ ವ್ಯಾನಿನಲ್ಲಿ ಸೀಮೆಎಣ್ಣೆ ಡಬ್ಬದ ಪಕ್ಕ ಒಬ್ಬ ಹೆಂಗಸು ಕೂತು ಬಂದಿದ್ದಳು. ಇಳಿದವಳೇ 'ಗೂಟ ಕಿತ್ತವನು ನೀನೇನಾ' ಅಂದಳು. ಕಿತ್ತಿಲ್ಲಮ್ಮ, ನೆಟ್ಟಗೆ ಮಾಡಿದೆ ಅಂದೆ. ಅದೇ ಬ್ರೆಡ್ ಅಂಗಡಿಯಾಕೆ. ನೀನು ಬರೆದಿದ್ದಕ್ಕಿಂತ ಗಟ್ಟಿಗಿತ್ತಿ. ನಿನ್ನ ಮಾತೂ ಬೇಡ, ನಿನ್ನ ಮಗಳ ಮಾತೂ ಬೇಡ, ನನಗೆ ಕಣ್ಣಲ್ಲಿ ತೋರಿಸು ಅಂದಳು. ಟೀ ಕೊಟ್ಟರೆ ಮುಟ್ಟಲಿಲ್ಲ.

ಕರೆದುಕೊಂಡು ಹೋದೆ. ಜಾರುತ್ತೆ, ಕೈ ಕೊಡು ಅಂದರೆ ಅದೂ ಬೇಡ. ನನಗೆ ಜನಕ್ಕೆ ಬಿಡಿಸಿ ಹೇಳಿ ಅಭ್ಯಾಸ ಇಲ್ಲ. ನಿನ್ನ ಐದನೇ ಪುಟ ಜೇಬಿನಲ್ಲಿತ್ತು, ಅದನ್ನೇ ಓದಿ ಹೇಳಿದೆ. ಬಂಡೆ ತೋರಿಸಿದೆ. ಬಂಡೆ ಅಲ್ಲಾಡೋದಿಲ್ಲ, ಅದಕ್ಕೇ ದಾರವನ್ನು ಅದಕ್ಕೆ ಕಟ್ಟೋದು ಅಂದೆ. ದಾರದ ಒಂದು ತುದಿ ನಾನು ಹಿಡೀತೇನೆ ಅಂದಳು. ಹಿಡಿಸಿದೆ. ಬಿಗಿಯಾಗಿ ಎಳೆದು ಮೊಳೆಗೆ ಅವಳೇ ಸುತ್ತಿದಳು. ಆಗ ಇಡೀ ಸಾಲು ಕಂಡಿತು. ಇಪ್ಪತ್ತನಾಲ್ಕರಲ್ಲಿ ಒಂದೂ ದಾರಕ್ಕೆ ತಾಗಿರಲಿಲ್ಲ. ಎಲ್ಲಾ ಕೆಳಗಡೆಗೆ. ಹದಿನೈದು ದಿನದಿಂದ ದಿನಾ ನೋಡ್ತಿದ್ದೇನೆ, ಆದರೂ ಇವತ್ತು ಅವಳ ಪಕ್ಕ ನಿಂತು ನೋಡಿದಾಗ ಮೊದಲ ಸಲ ಕಂಡ ಹಾಗಾಯಿತು.

ಸ್ಕೇಲು ಅವಳ ಕೈಗೆ ಕೊಟ್ಟೆ. ನಾನು ಹೇಳಿದರೆ ನಂಬೋದಿಲ್ಲವಲ್ಲ. ಏಳನೇ ಗೂಟದ ಹತ್ತಿರ ಕೂತು ಗೆರೆ ಎಣಿಸಿದಳು. ಮೂವತ್ತೊಂದು ಅಂದಳು. ಇನ್ನೊಮ್ಮೆ ಎಣಿಸು ಅಂದೆ. ಎಣಿಸಿ, ಮೂವತ್ತೊಂದೇ ಅಂದಳು. ಇದು ಐದು ವಾರದ್ದು ಅಂದೆ. ನಿನ್ನ ಮನೆ ಎಲ್ಲಿ ಅಂತ ಕೇಳಿದೆ. ಮಂಜು ಸ್ವಲ್ಪ ಸರಿದಿತ್ತು, ನೇರ ಕೆಳಗೆ ಕೈ ತೋರಿಸಿದಳು. ಹೊಗೆಗೂಡು ಕಾಣುತ್ತಿತ್ತು.

ಆಮೇಲೆ ಅಲ್ಲೇ ಒದ್ದೆ ಹುಲ್ಲಿನ ಮೇಲೆ ಕೂತುಬಿಟ್ಟಳು. ಬೈಯುತ್ತಾಳೆ ಅಂತ ನಾನು ಕಾದೆ. ಬೈಸಿಕೊಳ್ಳಬೇಕು ಅಂತಲೇ ನನಗೆ ಇತ್ತು. ಯಾಕೆ ನೆಟ್ಟಗೆ ಮಾಡ್ತಿದ್ದೆ ಅಂತ ಕೇಳಿದಳು. ವಾಲಿದ್ದು ಕಣ್ಣಲ್ಲಿ ನೋಡೋಕೆ ಆಗ್ತಿರಲಿಲ್ಲ ಅಂದೆ. ಆಗ ಅವಳು ನನ್ನ ಕಡೆ ನೋಡದೆ ಹೇಳಿದಳು.

'ಒಲೆ ಹಿಂದಿನ ಗೋಡೆ ಪ್ರತಿ ವರ್ಷ ಬಿರುಕು ಬಿಡೋದು. ಪ್ರತಿ ವರ್ಷ ಗಾರೆಯವನನ್ನ ಕರೆಸಿ ಮೆತ್ತಿಸ್ತಿದ್ದೆ. ಗಿರಾಕಿಗೆ ಕಾಣಬಾರದು ಅಂತ ಮೇಲೆ ಸುಣ್ಣ ಬೇರೆ. ಎಂಟು ವರ್ಷ. ನನ್ನ ಗಂಡನಿಗೂ ಹೇಳಿಲ್ಲ.'

ಮಗಳೇ, ಅಂಥ ಬಿರುಕು ನಾನೆಷ್ಟು ಮೆತ್ತಿಲ್ಲ. ಕರೆದವರ ಮುಖ ನೋಡಿ, ಇದೇನಿಲ್ಲಮ್ಮ, ಗಾರೆ ಒಣಗಿದ್ದು ಅಷ್ಟೇ ಅಂತ ಎಷ್ಟು ಮನೆಯಲ್ಲಿ ಹೇಳಿಲ್ಲ.

ಡ್ರೈವರ್ ಹಾರನ್ ಹೊಡೆಯೋಕೆ ಶುರು ಮಾಡಿದ. ಅವಳು ಎದ್ದು, ಉಳಿದ ಗೂಟಗಳೂ ಆಗಲಿ ಅಂದಳು. ಇಪ್ಪತ್ತನಾಲ್ಕನ್ನೂ ಅವಳೇ ಅಳೆದಳು, ನಾನು ಬರೆದುಕೊಂಡೆ. ಕಣ್ಣೀರು ಒರೆಸಿಕೊಳ್ಳದೇನೇ ಒಂದೊಂದು ಅಂಕಿಯನ್ನೂ ಎರಡೆರಡು ಸಲ ಹೇಳಿದಳು. ನಾಳೆ ಬೀದಿಯವರನ್ನೆಲ್ಲ ಒಂದು ಕಡೆ ಸೇರಿಸ್ತೇನೆ, ನಿನ್ನ ಮಗಳು ಬರೋದು ಬೇಡ, ಅವಳನ್ನು ಕಂಡರೆ ಹೊಡೆದುಬಿಟ್ಟಾರು, ನಾನೇ ಹೇಳ್ತೇನೆ ಅಂದಳು. ಹಾಳೆಯ ಒಂದು ಪ್ರತಿ ಕೇಳಿದಳು. ಬರೆದುಕೊಟ್ಟೆ. ಕೆಳಗೆ ಅಳತೆ ತೆಗೆದವರು ಅಂತ ಇರೋ ಜಾಗ ಖಾಲಿ ಬಿಟ್ಟಿದ್ದೆ. ಕೈ ಒರೆಸಿಕೊಂಡು, ಪೆನ್ನು ಇಸಕೊಂಡು, ಅಲ್ಲಿ ಅವಳೇ ಸಹಿ ಹಾಕಿದಳು.

ಚಿಕ್ಕಪ್ಪ